ಎಷ್ಟು ದೀಪ ಹತ್ತತಾವ್ರಿ?

ಶನಿವಾರ ಸಂಜೆ ಆರೂವರೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿ ಕಟ್ಟಡವೊಂದರ ನೆಲಮಾಳಿಗೆ. ವಾರವೆಲ್ಲ ಗಿಜಿಗುಡುವ ಜಾಗ ಬಿಕೋ ಎನ್ನುತ್ತಿತ್ತು. ನಮ್ಮಂಥವರ ಕೆಲಸ ಶುರುವಾಗುವುದೇ ಹೀಗೆ, ಎಲ್ಲರೂ ಮನೆ ಸೇರಿದ ಮೇಲೆ. ಸರಕಿನ ಲಿಫ್ಟಿನ ಎದುರು ನಾಲ್ಕು ಅಗಲವಾದ ರಟ್ಟಿನ ಪೆಟ್ಟಿಗೆ, ಒಂದು ಏಣಿ, ಒಂದು ಟೂಲ್ ಬ್ಯಾಗು, ರಾತ್ರಿಗೆಂದು ಕಟ್ಟಿಸಿಕೊಂಡ ಚಿತ್ರಾನ್ನದ ಪೊಟ್ಟಣ ಇಟ್ಟುಕೊಂಡು ನಾವು ಮೂವರು ನಿಂತಿದ್ದೆವು.

ಆರು ಗಂಟೆಗಷ್ಟೇ ಪಾಳಿಗೆ ಬಂದಿದ್ದ ಸೆಕ್ಯೂರಿಟಿಯವರು ಉತ್ತರ ಕರ್ನಾಟಕದ ಕಡೆಯವರು. ವಯಸ್ಸು ಐವತ್ತು ದಾಟಿರಬೇಕು. ಗೇಟ್‌ಪಾಸ್ ರಿಜಿಸ್ಟರಿನಲ್ಲಿ ಪ್ರತಿ ಪೆಟ್ಟಿಗೆಯ ಸೀರಿಯಲ್ ನಂಬರನ್ನು ಒಂದಕ್ಷರ ಬಿಡದೆ ಬರೆದುಕೊಂಡರು. ‘ವಸ್ತುವಿನ ವಿವರ’ ಎಂಬ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು.

“ಏನ್ರೀ ಸರ ಇವು?”

“ಸ್ವಿಚ್ಚು.”

ಪೆಟ್ಟಿಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. “ಇಷ್ಟ್ ದೊಡ್ಡ ಸ್ವಿಚ್ಚ? ಒತ್ತಿದ್ರ ಎಷ್ಟ್ ದೀಪ ಹತ್ತತಾವ್ರಿ?”

ನಮ್ಮ ಜೊತೆ ಅವರೂ ನಕ್ಕರು. ‘ಕಂಪ್ಯೂಟರ್ ಸ್ವಿಚ್, 4’ ಎಂದು ಬರೆದು ನನ್ನ ಸಹಿ ಹಾಕಿಸಿಕೊಂಡರು. ಲಿಫ್ಟು ಮೇಲೇರುವಾಗ ನಾನು ನಮ್ಮಮ್ಮನನ್ನು ನೆನೆದೆ. ಇಪ್ಪತ್ತು ವರ್ಷದಿಂದ ಈ ಕಸುಬಿನಲ್ಲಿದ್ದೇನೆ. ಊರಿನಲ್ಲಿ ಯಾರಾದರೂ ಕೇಳಿದರೆ ಅಮ್ಮ ಇವತ್ತಿಗೂ “ಮಗ ಸ್ವಿಚ್ ಹಾಕ್ತಾನೆ” ಎನ್ನುತ್ತಾಳೆ. ಕೇಳಿದವರು “ವೈರಿಂಗಾ?” ಎನ್ನುತ್ತಾರೆ. ಅಮ್ಮ “ಹ್ಞೂಂ” ಎನ್ನುತ್ತಾಳೆ. ಪೂರ್ತಿ ಸುಳ್ಳೂ ಅಲ್ಲ.

ಡಂಗುರದವನು, ಅಂಚೆಯವನು

ಹಿಂದೆ ಹಳ್ಳಿಗಳಲ್ಲಿ ಸುದ್ದಿ ಮುಟ್ಟಿಸಲು ಎರಡು ದಾರಿಗಳಿದ್ದವು. ಒಂದು ಡಂಗುರ. ಸುದ್ದಿ ಒಬ್ಬನಿಗೇ ಸಂಬಂಧಿಸಿದ್ದರೂ ಕೇರಿ ಕೇರಿಯವರೆಲ್ಲ ಕಿವಿಗೊಡಬೇಕು. ಇನ್ನೊಂದು ಅಂಚೆ. ಯಾರ ಕಾಗದವೋ ಅವರ ಮನೆ ಬಾಗಿಲಿಗೆ ಮಾತ್ರ. ಕಂಪ್ಯೂಟರುಗಳ ಲೋಕ ಮೊದಲು ಡಂಗುರವನ್ನೇ ನೆಚ್ಚಿಕೊಂಡಿತ್ತು.

1973ರ ಮೇ 22ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ರಾಬರ್ಟ್ ಮೆಟ್‌ಕಾಫ್ ತಮ್ಮ ಸಹೋದ್ಯೋಗಿಗಳಿಗೊಂದು ಟಿಪ್ಪಣಿ ಬರೆದರು. ಒಂದೇ ಉದ್ದನೆಯ ಕೇಬಲ್ಲಿಗೆ ಎಲ್ಲ ಕಂಪ್ಯೂಟರುಗಳನ್ನೂ ಜೋಡಿಸೋಣ, ಮಾತಾಡುವುದಿದ್ದವರು ಕೇಬಲ್ ಖಾಲಿ ಇದೆಯೇ ಎಂದು ಆಲಿಸಿ ಮಾತಾಡಲಿ, ಇಬ್ಬರ ಮಾತು ಒಟ್ಟಿಗೇ ಬಂದು ಡಿಕ್ಕಿ ಹೊಡೆದರೆ ಇಬ್ಬರೂ ಸುಮ್ಮನಾಗಿ ತುಸು ತಡೆದು ಮತ್ತೆ ಆಡಲಿ ಎಂಬುದು ಅದರ ಸಾರ. ಅದಕ್ಕೆ ಅವರಿಟ್ಟ ಹೆಸರು ಈಥರ್ನೆಟ್. ಡೇವಿಡ್ ಬಾಗ್ಸ್ ಜೊತೆ ಸೇರಿ ಅದನ್ನು ಕಟ್ಟಿದಾಗ ಅದರ ವೇಗ ಸೆಕೆಂಡಿಗೆ 2.94 ಮೆಗಾಬಿಟ್. 1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಕಂಪನಿಗಳು ಸೇರಿ ವೇಗವನ್ನು 10 ಮೆಗಾಬಿಟ್ಟಿಗೆ ಗೊತ್ತುಮಾಡಿದವು. ಈ ಹತ್ತರ ಲೆಕ್ಕವನ್ನು ನೆನಪಿನಲ್ಲಿಡಿ, ಬೆಳಗಾಗುವಷ್ಟರಲ್ಲಿ ಅದು ನಮ್ಮನ್ನು ಆಟವಾಡಿಸಲಿತ್ತು.

ಆಮೇಲೆ ಬಂದದ್ದು ಹಬ್ ಎಂಬ ಪೆಟ್ಟಿಗೆ. ಅದು ಅಪ್ಪಟ ಡಂಗುರದವನು. ಒಂದು ಬಾಗಿಲಿನಿಂದ ಬಂದದ್ದನ್ನು ಮಿಕ್ಕೆಲ್ಲ ಬಾಗಿಲುಗಳಿಗೂ ಸಾರುತ್ತಿತ್ತು. ಹತ್ತು ಜನರಿರುವ ಕಚೇರಿಯಲ್ಲಿ ಹೇಗೋ ನಡೆಯುತ್ತಿತ್ತು, ಐವತ್ತು ಜನರಾದರೆ ಸಂತೆ.

ಸಂತೆಯನ್ನು ಅಂಚೆ ಕಚೇರಿ ಮಾಡಿದ ಮೊದಲ ಈಥರ್ನೆಟ್ ಸ್ವಿಚ್ 1990ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕಿದ್ದದ್ದು ಏಳು ಬಾಗಿಲು, ನಮ್ಮ ಮಾತಿನಲ್ಲಿ ಪೋರ್ಟು. ಭಾರತ ಮೂಲದ ವಿನೋದ್ ಭಾರದ್ವಾಜ್, ಲ್ಯಾರಿ ಬ್ಲೇರ್ ಜೊತೆಗೂಡಿ ಕಟ್ಟಿದ ಕಂಪನಿಯದು. ಕಂಪನಿಗೆ ಭಾರದ್ವಾಜ್ ತಮ್ಮ ಹೆಂಡತಿಯ ಹೆಸರಿಟ್ಟಿದ್ದರು: ಕಲ್ಪನಾ. ಕನ್ನಡಿಗರಿಗೆ ಆ ಹೆಸರು ಕೇಳಿದೊಡನೆ ಕಣ್ಮುಂದೆ ಬರುವುದು ಮಿನುಗುತಾರೆ. ಈ ಕಲ್ಪನಾ ತಯಾರಿಸಿದ ಯಂತ್ರದ ಸಂತತಿಯ ಮೈಮೇಲೂ ಹಗಲಿರುಳು ಮಿನುಗುವ ದೀಪಗಳೇ. 1994ರಲ್ಲಿ ಸಿಸ್ಕೋ ಕಂಪನಿ ಕಲ್ಪನಾವನ್ನು ಕೊಂಡುಕೊಂಡಿತು, ಹೆಸರು ಮರೆಗೆ ಸರಿಯಿತು.

ಸ್ವಿಚ್ಚಿನ ಜಾಣ್ಮೆ ಅಂಚೆಯವನದೇ. ನೆಟ್‌ವರ್ಕ್‌ಗೆ ಸೇರುವ ಪ್ರತಿ ಯಂತ್ರಕ್ಕೂ ಕಾರ್ಖಾನೆಯಲ್ಲೇ ಒಂದು ಹುಟ್ಟುಗುರುತು ಬರೆದಿರುತ್ತಾರೆ, ಅದಕ್ಕೆ ಮ್ಯಾಕ್ ವಿಳಾಸ ಎನ್ನುತ್ತೇವೆ. ಯಾವ ಬಾಗಿಲಿನ ಹಿಂದೆ ಯಾವ ವಿಳಾಸದವರಿದ್ದಾರೆ ಎಂಬುದನ್ನು ಸ್ವಿಚ್ಚಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಗದ ಕಳಿಸಿದವರ ಹೆಸರು ನೋಡಿಯೇ ಗುರುತಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ ಐದು ನಿಮಿಷ ಆ ಮನೆಯಿಂದ ಸದ್ದಿಲ್ಲದಿದ್ದರೆ ಮರೆತುಬಿಡುತ್ತದೆ. ಗೊತ್ತಿಲ್ಲದ ವಿಳಾಸ ಬಂದಾಗ ಮಾತ್ರ ಹಳೇ ಚಾಳಿಗೆ ಮರಳಿ ಒಮ್ಮೆ ಡಂಗುರ ಹೊಡೆಯುತ್ತದೆ.

ಹುರಿಯಲ್ಲಿದೆ ಗುಟ್ಟು

ಸ್ವಿಚ್ಚಿನ ದುಡ್ಡು ಕೊಡುವಾಗ ಯಾರೂ ಹಿಂದೆಮುಂದೆ ನೋಡುವುದಿಲ್ಲ, ಚೌಕಾಸಿಯೆಲ್ಲ ಕೇಬಲ್ಲಿನ ಮೇಲೆ. ಸ್ವಿಚ್ಚನ್ನು ಐದಾರು ವರ್ಷಕ್ಕೆ ಬದಲಿಸುತ್ತಾರೆ. ಫಾಲ್ಸ್ ಸೀಲಿಂಗಿನ ಮೇಲೆ, ಗೋಡೆಯ ಒಳಗೆ ಹೋದ ಕೇಬಲ್ ಕಟ್ಟಡದ ಜೊತೆಯೇ ಮುದಿಯಾಗುತ್ತದೆ. ಅದನ್ನು ಇನ್ನೊಮ್ಮೆ ಎಳೆಯುವುದೆಂದರೆ ಮನೆಗೆ ಹೊಸದಾಗಿ ತಳಪಾಯ ಹಾಕಿದ ಹಾಗೆ.

ಕ್ಯಾಟ್ ಸಿಕ್ಸ್ ಕೇಬಲ್ಲಿನ ಸಿಪ್ಪೆ ಸುಲಿದರೆ ಒಳಗೆ ಎಂಟು ತಂತಿ, ನಾಲ್ಕು ಜೋಡಿ. ಪ್ರತಿ ಜೋಡಿಯೂ ಹಗ್ಗದಂತೆ ಹುರಿಗೊಂಡಿರುತ್ತದೆ, ಒಂದರ ಹುರಿಯಂತೆ ಇನ್ನೊಂದರದು ಇರುವುದಿಲ್ಲ. ಪಕ್ಕದವರ ಮಾತು ಇವರ ಕಿವಿಗೆ ಬೀಳದಿರಲೆಂದೇ ಈ ಹುರಿ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಹೊಸ ಹುಡುಗರಿಗೆ ನಾನು ಮೊದಲು ಹೇಳುವ ಮಾತು: ತುದಿಯಲ್ಲಿ ಅರ್ಧ ಇಂಚಿಗಿಂತ ಹೆಚ್ಚು ಹುರಿ ಬಿಚ್ಚಬೇಡ. ಕೆಲಸ ಸಲೀಸಾಗಲಿ ಎಂದು ಎರಡಿಂಚು ಬಿಚ್ಚಿ ಪಂಚ್ ಮಾಡಿದರೆ ದೀಪವೇನೋ ಹತ್ತುತ್ತದೆ, ವೇಗ ಹತ್ತುವುದಿಲ್ಲ.

ಬಣ್ಣದ ಸಾಲು ನಮಗೆ ಮಗ್ಗಿಯ ಹಾಗೆ ಬಾಯಿಪಾಠ: ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ನೀಲಿ, ನೀಲಿ ಬಿಳಿ, ಹಸಿರು, ಕಂದು ಬಿಳಿ, ಕಂದು. ಗೋಡೆಯ ಪೆಟ್ಟಿಗೆಯಿಂದ ರ‍್ಯಾಕಿನ ಪ್ಯಾಚ್ ಪ್ಯಾನೆಲ್‌ವರೆಗೆ ಹೆಚ್ಚೆಂದರೆ 90 ಮೀಟರ್, ಎರಡೂ ತುದಿಯಲ್ಲಿ ಪ್ಯಾಚ್ ಕಾರ್ಡು ಎಂಬ ತುಂಡು ಕೇಬಲ್ಲುಗಳಿಗೆಂದು ಇನ್ನೂ 10. ಒಟ್ಟು ನೂರು ಮೀರಬಾರದು. ಪೆಟ್ಟಿಗೆಯೊಂದರಲ್ಲಿ 305 ಮೀಟರ್ ಬರುತ್ತದೆ, ಸಾವಿರ ಅಡಿ. ಮೂರು ಉದ್ದನೆಯ ಓಟಕ್ಕೆ ಒಂದು ಪೆಟ್ಟಿಗೆ ಖಾಲಿ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಹೋಗಿ ಕೇಳಿ, ಅದೇ ಕ್ಯಾಟ್ ಸಿಕ್ಸ್ ಪೆಟ್ಟಿಗೆ ಪೂರ್ತಿ ಬೆಲೆಗೂ ಸಿಗುತ್ತದೆ, ಅರ್ಧ ಬೆಲೆಗೂ ಸಿಗುತ್ತದೆ. ಅರ್ಧ ಬೆಲೆಯದರ ಒಳಗೆ ಅನೇಕ ಸಲ ಅಲ್ಯೂಮಿನಿಯಂ ತಂತಿ, ಮೇಲೆ ತಾಮ್ರದ ಲೇಪ. ಬ್ಲೇಡಿನಿಂದ ತುದಿ ಕೆರೆದರೆ ಬಣ್ಣ ಬಯಲಾಗುತ್ತದೆ. ಎತ್ತಿ ನೋಡಿದರೆ ಪೆಟ್ಟಿಗೆಯೇ ಹಗುರ. ಈ ತಂತಿಗೆ ತಡೆ ಹೆಚ್ಚು. ಈಗಿನ ಕಾಲದಲ್ಲಿ ಫೋನು, ಕ್ಯಾಮೆರಾ, ವೈಫೈ ಪೆಟ್ಟಿಗೆಗಳಿಗೆ ಕರೆಂಟೂ ಇದೇ ಕೇಬಲ್ಲಿನಲ್ಲಿ ಹೋಗುವುದರಿಂದ, ಅಂಥ ತಂತಿ ಸೀಲಿಂಗಿನ ಮೇಲೆ ಯಾರ ಕಣ್ಣಿಗೂ ಬೀಳದೆ ಬಿಸಿಯೇರುತ್ತ ಕೂರುತ್ತದೆ.

‘ಇದನ್ನು ತೆಗೆಯಬೇಡಿ’

ಆ ರಾತ್ರಿಯ ಕೆಲಸ ಇಷ್ಟೇ: ನಾಲ್ಕನೇ ಮಹಡಿಯ ಕೇಬಲ್ಲುಗಳೆಲ್ಲ ಬಂದು ಸೇರುವ ಹಬ್ ರೂಮಿನಲ್ಲಿದ್ದ ನಾಲ್ಕು ಹಳೆಯ ಬಿಡಿ ಸ್ವಿಚ್ಚುಗಳನ್ನು ಇಳಿಸಿ, ನಾಲ್ಕು ಹೊಸವನ್ನು ಏರಿಸಿ, ಸ್ಟ್ಯಾಕ್ ಮಾಡುವುದು, ಅಂದರೆ ನಾಲ್ಕನ್ನೂ ಒಂದಾಗಿಸುವುದು. ಬಾಗಿಲು ತೆರೆದಾಗ ಎಂದಿನ ದೃಶ್ಯ. ರ‍್ಯಾಕಿನ ಮುಂದೆ ಬಿಡಿಸಿಟ್ಟ ಶಾವಿಗೆ. ಮೂಲೆಯಲ್ಲಿ ಮುರಿದ ಕುರ್ಚಿ, ಯಾರದೋ ದೀಪಾವಳಿ ಸರದ ಪೆಟ್ಟಿಗೆ, ನೆಲ ಒರೆಸುವ ಕೋಲು. ಈ ದೇಶದಲ್ಲಿ ಹಬ್ ರೂಮು ಎಂದರೆ ಪ್ಯಾಂಟ್ರಿಯ ಬೆನ್ನಿಗೋ ಶೌಚಾಲಯದ ಪಕ್ಕಕ್ಕೋ ಉಳಿದ ಜಾಗ. ಮೇಲೆ ನೀರಿನ ಪೈಪಿದೆಯೇ ಎಂದು ಟಾರ್ಚ್ ಹಾಕಿ ನೋಡುವುದು ನನ್ನ ಮೊದಲ ಕೆಲಸ.

ಎರಡನೆಯದು ಅರ್ತಿಂಗ್. ಮಲ್ಟಿಮೀಟರಿನ ಒಂದು ಕಡ್ಡಿ ನ್ಯೂಟ್ರಲ್‌ಗೆ, ಇನ್ನೊಂದು ಅರ್ತ್‌ಗೆ. ಎರಡು ಮೂರು ವೋಲ್ಟ್ ಮೀರಿದರೆ ನಾನು ಪೆಟ್ಟಿಗೆಯನ್ನೇ ಬಿಚ್ಚುವುದಿಲ್ಲ, ಮೊದಲು ಎಲೆಕ್ಟ್ರಿಷಿಯನ್ ಬರಲಿ. ಸಿಡಿಲಿನ ಕಾಲದಲ್ಲಿ ಒಂದೇ ರಾತ್ರಿಗೆ ಹನ್ನೆರಡು ಪೋರ್ಟ್ ಸುಟ್ಟದ್ದನ್ನು ನೋಡಿದವನ ಹಟ ಇದು.

ಮೂರನೆಯದು ದೀಪದ ಲೆಕ್ಕ. ಕೈಹಚ್ಚುವ ಮೊದಲು ಹಳೆಯ ಸ್ವಿಚ್ಚುಗಳಲ್ಲಿ ಯಾವ ಯಾವ ಪೋರ್ಟು ಜೀವಂತವಾಗಿದೆ ಎಂದು ಪಟ್ಟಿ ತೆಗೆದು ಉಳಿಸಿಕೊಂಡೆವು. ಜನರಿಲ್ಲದ ಶನಿವಾರ ರಾತ್ರಿಯಲ್ಲೂ ಫೋನು, ಕ್ಯಾಮೆರಾ, ವೈಫೈ, ಪ್ರಿಂಟರ್ ಎಲ್ಲ ಸೇರಿ 118 ದೀಪ. ಆಮೇಲೆ ಒಂದೊಂದೇ ಕೇಬಲ್ಲಿಗೆ ಚೀಟಿ ಕಟ್ಟತೊಡಗಿದೆವು. ನಾಲ್ಕನೇ ಸ್ವಿಚ್ಚಿನ ಕೊನೆಗೆ ಬಂದಾಗ ನಮ್ಮ ಹುಡುಗ ಕರೆದ: “ಅಣ್ಣ, ಇಲ್ಲಿ ನೋಡಿ.” ಒಂದು ಕೇಬಲ್ಲಿಗೆ ಕೆಂಪು ಇನ್ಸುಲೇಷನ್ ಟೇಪು ಸುತ್ತಿ ಅದರ ಮೇಲೆ ಬಾಲ್‌ಪೆನ್ನಿನಿಂದ ಬರೆದಿತ್ತು: ‘ಇದನ್ನು ತೆಗೆಯಬೇಡಿ.’

ಯಾಕೆ ತೆಗೆಯಬಾರದು, ತೆಗೆದರೆ ಏನಾಗುತ್ತದೆ, ಇದು ಎಲ್ಲಿಗೆ ಹೋಗುತ್ತದೆ, ಬರೆದವರು ಯಾರು, ಒಂದೂ ಇಲ್ಲ. ಹಳೆಯ ಕಚೇರಿಗಳ ರ‍್ಯಾಕಿನಲ್ಲಿ ಇಂಥ ಶಾಸನ ಒಂದಾದರೂ ಇದ್ದೇ ಇರುತ್ತದೆ. ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ, ಭಯ ಮಾತ್ರ ಉಳಿದಿರುತ್ತದೆ. ಹಳೆಯದರಲ್ಲಿ ಎಲ್ಲಿತ್ತೋ ಹೊಸದರಲ್ಲೂ ಅಲ್ಲಿಗೇ ಹಾಕೋಣ ಎಂದುಕೊಂಡು ಮುಂದೆ ಹೋದೆವು.

ಏರಿಸುವ ಕೆಲಸ ಗಾರೆ ಕೆಲಸದ ಹಾಗೆ, ಅಳತೆ ತಪ್ಪಬಾರದು. ರ‍್ಯಾಕಿನ ಅಗಲ ಜಗತ್ತಿನೆಲ್ಲೆಡೆ 19 ಇಂಚು, ಟೆಲಿಫೋನ್ ಎಕ್ಸ್‌ಚೇಂಜುಗಳ ಕಾಲದಿಂದ ಬಂದ ಅಳತೆ. ಎತ್ತರವನ್ನು ‘ಯು’ ಲೆಕ್ಕದಲ್ಲಿ ಹೇಳುತ್ತೇವೆ. ಒಂದು ಯು ಎಂದರೆ ಒಂದೂಮುಕ್ಕಾಲು ಇಂಚು, 44.45 ಮಿಲಿಮೀಟರ್. ಕೇಜ್ ನಟ್‌ಗಳನ್ನು ಚೌಕದ ತೂತಿಗೆ ಸಿಕ್ಕಿಸುವಾಗ ಉಗುರು ಸಂದಿಯಿಂದ ರಕ್ತ ಬಾರದಿದ್ದರೆ ಆ ದಿನ ಒಳ್ಳೆಯದು. ಸ್ವಿಚ್ಚಿನ ತೂಕ ಏಳೆಂಟು ಕಿಲೋ. ಒಬ್ಬ ಹಿಡಿದು, ಒಬ್ಬ ಸ್ಕ್ರೂ ತಿರುಗಿಸಿ, ಗಾಳಿ ಮುಂದಿನಿಂದ ಒಳಗೆ ಹೋಗಿ ಹಿಂದಿನಿಂದ ಹೊರಬರುವಂತೆ ನಾಲ್ಕನ್ನೂ ಒಂದರ ಕೆಳಗೊಂದು ಕೂರಿಸಿದೆವು. ರಾತ್ರಿ ಹನ್ನೊಂದಾಗಿತ್ತು.

ಕೂಡುಕುಟುಂಬದ ಕಟ್ಟಳೆ

ಒಂದು ಸ್ವಿಚ್ಚಿಗೆ 48 ಬಾಗಿಲು, ನಾಲ್ಕಕ್ಕೆ 192. ಇವನ್ನು ಬಿಡಿಬಿಡಿಯಾಗಿಟ್ಟು ಒಂದರಿಂದೊಂದಕ್ಕೆ ಕೇಬಲ್ ಎಳೆದರೂ ನೆಟ್ ಬರುತ್ತದೆ, ಹಳೆಯವರು ಹಾಗೇ ಮಾಡಿದ್ದರು. ಆದರೆ ನಾಲ್ಕು ಯಂತ್ರಕ್ಕೆ ನಾಲ್ಕು ವಿಳಾಸ, ನಾಲ್ಕು ಪಾಸ್‌ವರ್ಡ್. ಒಂದು ಬದಲಾವಣೆಗೆ ನಾಲ್ಕು ಮನೆ ಮೆಟ್ಟಿಲು ಹತ್ತಬೇಕು. ಎರಡನೆಯದು ಸತ್ತರೆ ಅದನ್ನೇ ನೆಚ್ಚಿದ್ದ ಮೂರು, ನಾಲ್ಕನೆಯವೂ ಕತ್ತಲೆಗೆ.

ಸ್ಟ್ಯಾಕ್ ಎಂದರೆ ಈ ನಾಲ್ಕನ್ನು ಕೂಡುಕುಟುಂಬ ಮಾಡುವುದು. ಹೊರಗಿನವರಿಗೆ ಒಂದೇ ಮನೆ, ಒಂದೇ ಡೋರ್ ನಂಬರ್. ಸ್ವಿಚ್ಚಿನ ಬೆನ್ನಿಗೆ ಇದಕ್ಕೆಂದೇ ಎರಡು ಕಿಂಡಿಗಳಿವೆ, ಹೆಬ್ಬೆರಳು ದಪ್ಪದ ಗಿಡ್ಡ ಕೇಬಲ್ ಇದೆ. ಮೊದಲನೆಯದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ, ಕೊನೆಗೆ ನಾಲ್ಕರಿಂದ ಮತ್ತೆ ಒಂದಕ್ಕೆ. ಉಂಗುರ ಪೂರ್ತಿಯಾಗಬೇಕು. ಒಂದು ಕೇಬಲ್ ಕಡಿದರೂ ಮಾತು ಇನ್ನೊಂದು ದಿಕ್ಕಿನಿಂದ ಸುತ್ತಿ ಬರುತ್ತದೆ, ಆದರೆ ದಾರಿಯ ಅಗಲ ಅರ್ಧಕ್ಕಿಳಿಯುತ್ತದೆ. ಪಕ್ಕಪಕ್ಕದವಕ್ಕೆ ಅರ್ಧ ಮೀಟರಿನ ಕೇಬಲ್ ಸಾಕು. ಕೆಳಗಿನಿಂದ ಮೇಲಕ್ಕೆ ಉಂಗುರ ಮುಚ್ಚಲು ಒಂದು ಮೀಟರಿನದೋ ಮೂರು ಮೀಟರಿನದೋ ಬೇಕಾಗಬಹುದು. ಆರ್ಡರ್ ಹಾಕುವಾಗ ಈ ಒಂದು ಉದ್ದನೆಯ ಕೇಬಲ್ಲನ್ನು ಮರೆತು, ‘ಆಮೇಲೆ ತರಿಸೋಣ’ ಎಂದು ಉಂಗುರವನ್ನು ತೆರೆದೇ ಬಿಟ್ಟ ಕಚೇರಿಗಳು ಎಷ್ಟೋ.

2003ರಲ್ಲಿ ಸಿಸ್ಕೋ ತನ್ನ ಕ್ಯಾಟಲಿಸ್ಟ್ 3750 ಸರಣಿಯೊಂದಿಗೆ ಸ್ಟ್ಯಾಕ್‌ವೈಸ್ ತಂದಾಗ ಒಂದು ಮನೆಯಲ್ಲಿ ಒಂಬತ್ತು ಜನ ಇರಬಹುದಿತ್ತು, ಉಂಗುರದ ಅಗಲ 32 ಗಿಗಾಬಿಟ್. ಮುಂದಿನ ತಲೆಮಾರುಗಳಲ್ಲಿ ಅದು 480ಕ್ಕೆ ಏರಿತು. ಜೂನಿಪರ್ ಸ್ವಿಚ್ಚುಗಳಲ್ಲಿ ಇದಕ್ಕೇ ವರ್ಚುವಲ್ ಚಾಸಿ ಎಂದು ಹೆಸರು. ಹೆಸರು ಬೇರೆ ಬೇರೆ, ಸಂಸಾರದ ಕಟ್ಟಳೆ ಹೆಚ್ಚುಕಡಿಮೆ ಒಂದೇ.

ಕುಟುಂಬಕ್ಕೊಬ್ಬ ಯಜಮಾನ ಬೇಕಲ್ಲ. ಕರೆಂಟು ಬಂದೊಡನೆ ನಾಲ್ಕೂ ಸ್ವಿಚ್ಚುಗಳು ಪರಸ್ಪರ ಗುರುತು ಹೇಳಿಕೊಂಡು ಒಬ್ಬನನ್ನು ಆರಿಸುತ್ತವೆ. ಅವನಿಗೇನಾದರೂ ಆದರೆ ಮರುಕ್ಷಣ ಪಟ್ಟಕ್ಕೆ ಬರಲು ಇನ್ನೊಬ್ಬ ಸಿದ್ಧನಿರುತ್ತಾನೆ. ಆಯ್ಕೆಗೆ ಮೊದಲ ಆಧಾರ ನಾವು ಬರೆದಿಟ್ಟ ಆದ್ಯತೆಯ ಅಂಕ, ಸಿಸ್ಕೋದಲ್ಲಿ ಒಂದರಿಂದ ಹದಿನೈದರವರೆಗೆ. ಹೆಚ್ಚಿದ್ದವನಿಗೆ ಪಟ್ಟ. ನಾವೇನೂ ಬರೆಯದಿದ್ದರೆ? ಕಾರ್ಖಾನೆಯಿಂದ ಬಂದ ಎಲ್ಲವಕ್ಕೂ ಒಂದೇ ಅಂಕ. ಆಗ ಯಂತ್ರಗಳು ಹುಟ್ಟುಗುರುತನ್ನು ಹೋಲಿಸಿ, ಯಾರ ಮ್ಯಾಕ್ ವಿಳಾಸ ಚಿಕ್ಕದೋ ಅವನನ್ನು ಕೂರಿಸುತ್ತವೆ. ಒಂದೇ ಕಂಪನಿಯ ಯಂತ್ರಗಳಲ್ಲಿ ಚಿಕ್ಕ ಸಂಖ್ಯೆ ಬಹಳ ಸಲ ಮೊದಲು ತಯಾರಾದದ್ದರದು. ಅಂದರೆ, ಉಯಿಲು ಬರೆಯದಿದ್ದರೆ ಹಿರಿಯನಿಗೇ ಯಜಮಾನಿಕೆ. ಮನೆಯಲ್ಲಿ ಎಲ್ಲರಿಗಿಂತ ಮುದಿಯಾದ, ಫ್ಯಾನು ಕರಕರ ಎನ್ನುವ ಸ್ವಿಚ್ಚು ಇಡೀ ಮಹಡಿಯನ್ನಾಳುವುದನ್ನು ನಾನು ಕಂಡಿದ್ದೇನೆ. ಅದಕ್ಕೇ ಮೇಲಿನದಕ್ಕೆ 15, ಎರಡನೆಯದಕ್ಕೆ 14 ಎಂದು ಮೊದಲೇ ಬರೆದುಬಿಡುತ್ತೇವೆ.

ಇನ್ನೂ ಎರಡು ಕಟ್ಟಳೆಗಳಿವೆ. ನಾಲ್ಕರ ಸಾಫ್ಟ್‌ವೇರ್ ಆವೃತ್ತಿಯೂ ಒಂದೇ ಆಗಿರಬೇಕು. ಬೇರೆಯಾದರೆ ಹೊಸಬನನ್ನು ಜಗುಲಿಯಲ್ಲೇ ಕೂರಿಸುತ್ತಾರೆ, ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮತ್ತೆ, ಮೇಲಿನಿಂದ ಒಂದೊಂದಾಗಿ ಕರೆಂಟು ಕೊಡಬೇಕು. ಇಲ್ಲದಿದ್ದರೆ ಮೇಲಿನದು ತನ್ನನ್ನು ‘ಮೂರು’ ಎಂದು ಕರೆದುಕೊಳ್ಳಬಹುದು. ‘2/0/17’ ಎಂದರೆ ಎರಡನೇ ಸ್ವಿಚ್ಚಿನ ಹದಿನೇಳನೇ ಬಾಗಿಲು ಎಂದು ಓದಿ ಓಡಿಬಂದವನು ರ‍್ಯಾಕಿನಲ್ಲಿ ಎರಡನೆಯದನ್ನು ಎಣಿಸಿ ತಪ್ಪು ಕೇಬಲ್ ಕೀಳುತ್ತಾನೆ.

ಕೂಡುಕುಟುಂಬದ ಸುಖ ಹೇಳಿದ ಮೇಲೆ ಕಷ್ಟವನ್ನೂ ಹೇಳಬೇಕು. ಒಂದೇ ಒಲೆಯ ಊಟ ಕೆಟ್ಟರೆ ಎಲ್ಲರ ಹೊಟ್ಟೆಯೂ ಕೆಡುತ್ತದೆ. ಸಾಫ್ಟ್‌ವೇರಿನಲ್ಲಿ ದೋಷವಿದ್ದರೆ ನಾಲ್ಕೂ ಒಟ್ಟಿಗೇ ಮಲಗುತ್ತವೆ. ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಯಂಥ ಕಡೆ ಎಲ್ಲವನ್ನೂ ಒಂದೇ ಸ್ಟ್ಯಾಕಿಗೆ ಕಟ್ಟದೆ ಎರಡು ಮನೆ ಮಾಡುವುದೇ ಲೇಸು.

ನನ್ನ ಕೈಯಿಂದಾದದ್ದು

ಉಯಿಲಿನ ಪಾಠ ನನಗೆ ಪುಸ್ತಕದಿಂದ ಬಂದದ್ದಲ್ಲ. ಎಷ್ಟೋ ವರ್ಷದ ಹಿಂದೆ, ಹೆಸರು ಬೇಡ, ಒಂದು ಕಚೇರಿಯಲ್ಲಿ ಎರಡು ಸ್ವಿಚ್ಚುಗಳ ಸ್ಟ್ಯಾಕಿಗೆ ಮೂರನೆಯದನ್ನು ಸೇರಿಸಬೇಕಿತ್ತು. ಬುಧವಾರ ಮಧ್ಯಾಹ್ನ, ಎಲ್ಲರೂ ಕೆಲಸದಲ್ಲಿದ್ದರು. ‘ಐದು ನಿಮಿಷದ ಕೆಲಸ’ ಎಂದು ಹೇಳಿ ಹೋಗಿದ್ದೆ. ಹೊಸದೆಂದು ಕೊಟ್ಟ ಸ್ವಿಚ್ಚು ಹೊಸದಾಗಿರಲಿಲ್ಲ, ಬೇರೊಂದು ಶಾಖೆಯಲ್ಲಿ ಯಜಮಾನನಾಗಿದ್ದು ಬಂದದ್ದು. ಅದರ ತಲೆಯಲ್ಲಿ ಹಳೆಯ ಅಂಕ ಹದಿನೈದು ಹಾಗೇ ಇತ್ತು. ಇಲ್ಲಿದ್ದ ಎರಡಕ್ಕೆ ಯಾರೂ ಅಂಕ ಬರೆದಿರಲಿಲ್ಲ. ಕರೆಂಟಿಲ್ಲದೆ ಜೋಡಿಸಬೇಕಾದದ್ದನ್ನು ನಾನು ಕರೆಂಟು ಕೊಟ್ಟು, ಅದು ಪೂರ್ತಿ ಎಚ್ಚರಗೊಂಡ ಮೇಲೆ ಸ್ಟ್ಯಾಕ್ ಕೇಬಲ್ ಚುಚ್ಚಿದೆ.

ಎರಡು ಕುಟುಂಬಗಳು ಎದುರುಬದುರಾದವು. ಹೊಸಬ ಹದಿನೈದು ಎಂದ, ಇವರು ಒಂದು ಎಂದರು. ಸೋತ ಮನೆಯವರು ನಿಯಮದಂತೆ ಒಮ್ಮೆ ತಾವಾಗಿಯೇ ಮಲಗಿ ಮತ್ತೆ ಎದ್ದು, ಗೆದ್ದವನ ಕಾರುಬಾರಿಗೆ ಒಳಪಟ್ಟರು. ಗೆದ್ದವನಿಗೆ ಈ ಕಚೇರಿಯ ಗಂಧಗಾಳಿ ಗೊತ್ತಿಲ್ಲ. ಇಡೀ ಮಹಡಿಯಲ್ಲಿ ಫೋನುಗಳು ಸತ್ತವು, ಮೊದಲು ನಿಶ್ಶಬ್ದ, ಆಮೇಲೆ ಕುರ್ಚಿಗಳು ಹಿಂದೆ ಸರಿಯುವ ಸದ್ದು. ಆ ಸದ್ದು ನನಗೆ ಇವತ್ತೂ ಕೇಳುತ್ತದೆ. ಹಳೆಯ ಸಂರಚನೆಯ ಪ್ರತಿ ಇದೆಯೇ ಎಂದು ಹುಡುಕಿದರೆ ಆರು ತಿಂಗಳ ಹಿಂದಿನದು ಸಿಕ್ಕಿತು. ನಡುವಿನ ಆರು ತಿಂಗಳಲ್ಲಿ ಯಾರು ಏನು ಬದಲಿಸಿದ್ದರೋ ಎಲ್ಲಿಯೂ ಬರೆದಿರಲಿಲ್ಲ. ಐದು ನಿಮಿಷದ ಕೆಲಸ ರಾತ್ರಿ ಒಂಬತ್ತಕ್ಕೆ ಮುಗಿಯಿತು.

ಆವತ್ತಿನಿಂದ ಸ್ಟ್ಯಾಕಿಗೆ ಸೇರುವ ಯಾವ ಸ್ವಿಚ್ಚೇ ಆಗಲಿ, ಮೊದಲು ಅದರ ಹಳೆಯ ನೆನಪನ್ನು ತೊಳೆಯುತ್ತೇನೆ, ಆಮೇಲೆ ಕರೆಂಟು ತೆಗೆಯುತ್ತೇನೆ, ಆಮೇಲೆ ಕೇಬಲ್, ಕೊನೆಗೆ ಮತ್ತೆ ಕರೆಂಟು.

ಸಾವಿಲ್ಲದ ಡಂಗುರ

ಸ್ಟ್ಯಾಕಿನ ಉಂಗುರವನ್ನು ಯಂತ್ರಗಳೇ ಸಂಭಾಳಿಸುತ್ತವೆ. ಸಂಭಾಳಿಸಲಾಗದ ಉಂಗುರ ಹೊರಗೆ ಹುಟ್ಟುವುದು. ಮೀಟಿಂಗ್ ರೂಮಿನಲ್ಲಿ ಪ್ಯಾಚ್ ಕಾರ್ಡಿನ ಒಂದು ತುದಿ ನೇತಾಡುವುದನ್ನು ಕಂಡ ಒಬ್ಬರು, ಅಚ್ಚುಕಟ್ಟಾಗಿರಲಿ ಎಂದು ಅದನ್ನೂ ಗೋಡೆಗೆ ಚುಚ್ಚುತ್ತಾರೆ. ಎರಡು ತುದಿಯೂ ಗೋಡೆಯಲ್ಲಿ. ಒಂದು ಡಂಗುರ ಹೊರಟರೆ ಆ ದಾರಿಯಲ್ಲಿ ಸುತ್ತಿ ಬಂದು ಮತ್ತೆ ಹೊರಡುತ್ತದೆ. ಇಂತಿಷ್ಟು ಸುತ್ತಿದ ಮೇಲೆ ಸಾಯಬೇಕೆಂಬ ಲೆಕ್ಕ ಈಥರ್ನೆಟ್ಟಿನ ಪೊಟ್ಟಣಕ್ಕಿಲ್ಲ. ರಕ್ತಬೀಜನ ಹಾಗೆ ಒಂದು ನೂರಾಗಿ, ನೂರು ಲಕ್ಷವಾಗಿ ಕ್ಷಣದಲ್ಲಿ ದಾರಿಯೆಲ್ಲ ತುಂಬುತ್ತದೆ. ಸ್ವಿಚ್ಚಿನ ದೀಪಗಳು ಮಿನುಗುವುದನ್ನು ಬಿಟ್ಟು ಒಟ್ಟಿಗೇ ಹುಚ್ಚೆದ್ದು ಉರಿಯತೊಡಗಿದರೆ ಇಂಥ ಉಂಗುರ, ನಮ್ಮ ಮಾತಿನಲ್ಲಿ ಲೂಪ್, ಆಗಿದೆ ಎಂದೇ ಅರ್ಥ.

ಇದಕ್ಕೆ ಮದ್ದು ಕಂಡವರು ರೇಡಿಯಾ ಪರ್ಲ್‌ಮನ್. 1985ರಲ್ಲಿ ಡಿಜಿಟಲ್ ಕಂಪನಿಯಲ್ಲಿದ್ದಾಗ ಅವರು ಸ್ಪ್ಯಾನಿಂಗ್ ಟ್ರೀ ಎಂಬ ಕ್ರಮ ರೂಪಿಸಿದರು. ಸ್ವಿಚ್ಚುಗಳು ತಾವೇ ಮಾತಾಡಿಕೊಂಡು ಎಲ್ಲರನ್ನೂ ಮುಟ್ಟುವ ಒಂದು ಮರ ಕಟ್ಟಿಕೊಳ್ಳುತ್ತವೆ, ಮರಕ್ಕೆ ಬೇಡವಾದ ಕೊಂಬೆಗಳ ಬಾಗಿಲನ್ನು ಮುಚ್ಚಿಡುತ್ತವೆ, ಯಾವುದಾದರೂ ಕೊಂಬೆ ಮುರಿದಾಗ ಮಾತ್ರ ತೆರೆಯುತ್ತವೆ. ಪರ್ಲ್‌ಮನ್ ಇದರ ಮೇಲೊಂದು ಪದ್ಯವನ್ನೂ ಕಟ್ಟಿದ್ದಾರೆ.

ಮರಕ್ಕೂ ಮಿತಿಯಿದೆ. 2002ರ ನವೆಂಬರಿನಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ನೆಟ್‌ವರ್ಕ್ ಸುಮಾರು ನಾಲ್ಕು ದಿನ ನೆಲ ಹಿಡಿಯಿತು. ಬೇಕೆಂದಾಗಲೆಲ್ಲ ಒಂದಕ್ಕೊಂದು ಸ್ವಿಚ್ ಜೋಡಿಸುತ್ತ ಹೋಗಿ, ಸ್ಪ್ಯಾನಿಂಗ್ ಟ್ರೀ ತಾಳಬಲ್ಲ ಏಳು ಹೆಜ್ಜೆಯ ಅಂತರವನ್ನು ಅವರ ಜಾಲ ಮೀರಿತ್ತು. ಸಂಶೋಧನೆಯ ಭಾರೀ ದತ್ತಾಂಶ ಹರಿದ ದಿನ ಮರ ಕುಸಿಯಿತು. ವೈದ್ಯರು ಕಾಗದ, ಪೆನ್ನು ಹಿಡಿದರು. ಚೀಟಿ ಒಯ್ಯಲು ಜನ ಓಡಾಡಿದರು. ಆಸ್ಪತ್ರೆಯ ಮಾಹಿತಿ ವಿಭಾಗದ ಮುಖ್ಯಸ್ಥ ಜಾನ್ ಹಲಾಮ್ಕಾ ಇದನ್ನು ಮುಚ್ಚಿಡದೆ, ಎಲ್ಲಿ ತಪ್ಪಿದೆವೆಂದು ಲೋಕಕ್ಕೆ ಹೇಳಿದರು. ನಮ್ಮ ಕಸುಬಿನವರು ಇವತ್ತಿಗೂ ಅದನ್ನು ಪಾಠವಾಗಿ ಓದುತ್ತಾರೆ.

ಹಾಕಿಸುವವರು ಕೇಳಬೇಕಾದ ಐದು ಮಾತು

1. ಉಂಗುರ ಮುಚ್ಚುವ ಉದ್ದನೆಯ ಸ್ಟ್ಯಾಕ್ ಕೇಬಲ್ ಆರ್ಡರಿನಲ್ಲಿದೆಯೇ?

2. ಕರೆಂಟಿನ ಲೆಕ್ಕ ಹಾಕಿದ್ದೀರಾ? ಕೇಬಲ್ಲಿನಲ್ಲೇ ವಿದ್ಯುತ್ ಕೊಡುವ ಸ್ವಿಚ್ಚಿನ ಪಾಲು 740 ವ್ಯಾಟ್ ಎಂದಿಟ್ಟುಕೊಳ್ಳಿ. ತಲಾ 15.4 ವ್ಯಾಟಿನಂತೆ 48 ಬಾಗಿಲಿಗೂ ಬರುತ್ತದೆ. ತಲಾ 30 ಬೇಡುವ ಉಪಕರಣಗಳಾದರೆ 24ಕ್ಕೇ ಮುಗಿಯಿತು.

3. ಹೊರಕ್ಕೆ ಹೋಗುವ ಎರಡು ಕೊಂಡಿಗಳು ಒಂದೇ ಸ್ವಿಚ್ಚಿನಿಂದಲೋ, ಎರಡರಿಂದಲೋ? ಒಂದನೆಯದರಿಂದ ಒಂದು, ನಾಲ್ಕನೆಯದರಿಂದ ಇನ್ನೊಂದು ಎಳೆದು ಎರಡನ್ನೂ ಒಂದಾಗಿ ಹೆಣೆಯಬೇಕು. ಹೀಗೆ ಹೆಣೆಯುವ ಈಥರ್‌ಚಾನೆಲ್ ಉಪಾಯವೂ ಕಲ್ಪನಾ ಕಂಪನಿಯದೇ.

4. ಗೋಡೆಯ ಪೋರ್ಟಿಗೆ ಯಾರಾದರೂ ಇನ್ನೊಂದು ಸ್ವಿಚ್ ತಂದು ಚುಚ್ಚಿದರೆ ಆ ಬಾಗಿಲು ತಾನಾಗಿ ಮುಚ್ಚುವಂತೆ ಮಾಡಿದ್ದೀರಾ?

5. ಇದನ್ನೆಲ್ಲ ಎಲ್ಲಿ ಬರೆದಿಟ್ಟಿದ್ದೀರಿ?

ನೂರಾ ಹದಿನೆಂಟನೆಯದು

ಬೆಳಗಿನ ಜಾವ ಮೂರರ ಹೊತ್ತಿಗೆ ಕೇಬಲ್ಲುಗಳೆಲ್ಲ ಮನೆ ಸೇರಿದ್ದವು. ಹೊಸ ನಾಲ್ಕರಲ್ಲಿ ಮೂರು ಸಾಮಾನ್ಯ ಗಿಗಾಬಿಟ್‌ನವು. ಕೆಳಗಿನ ನಾಲ್ಕನೆಯದು ವೈಫೈಗೆಂದು ತರಿಸಿದ ಮಲ್ಟಿಗಿಗಾಬಿಟ್‌ನದು, ಮನೆಯ ಓಟಗಾರ. ಈಗ ನಮ್ಮ ಕೈಯಾರೆ ಕೆಡಿಸಿ ನೋಡುವ ಸಮಯ. ಲ್ಯಾಪ್‌ಟಾಪಿನಲ್ಲಿ ‘ಇದ್ದೀಯಾ?’ ಎಂದು ಕೇಳುತ್ತಲೇ ಇರುವ ಪಿಂಗ್ ಓಡಲು ಬಿಟ್ಟು ಒಂದು ಸ್ಟ್ಯಾಕ್ ಕೇಬಲ್ ಕಿತ್ತೆ. ಮಾತು ನಿಲ್ಲಲಿಲ್ಲ, ಉಂಗುರ ಅರ್ಧವಾಯಿತೆಂದು ಯಂತ್ರ ದೂರು ಬರೆದುಕೊಂಡಿತು. ಮತ್ತೆ ಚುಚ್ಚಿ, ಯಜಮಾನನ ಎರಡೂ ಪವರ್ ಕಾರ್ಡ್ ಎಳೆದೆ. ಅವನ ಬಾಗಿಲಿನವರು ಸುಮ್ಮನಾದರು, ಮಿಕ್ಕ ಮೂರರ ಪಿಂಗ್ ಒಮ್ಮೆ ತಡವರಿಸಿ ಮುಂದೆ ನಡೆಯಿತು. ಎರಡನೆಯವನು ಪಟ್ಟಕ್ಕೆ ಬಂದಿದ್ದ. ಭಾನುವಾರ ನಾವೇ ಕೆಡಿಸಿ ನೋಡದಿದ್ದರೆ ಸೋಮವಾರ ಅದಾಗಿಯೇ ಕೆಟ್ಟು ತೋರಿಸುತ್ತದೆ.

ಮೊದಲನೆಯದನ್ನು ಮತ್ತೆ ಎಬ್ಬಿಸಿ ದೀಪ ಎಣಿಸಿದೆವು. 117. ಪಟ್ಟಿಗೆ ಹೋಲಿಸಿದರೆ ಆರಿದ್ದು ಒಂದೇ, ಕೆಂಪು ಟೇಪಿನದು. ಬೇರೆ ಪ್ಯಾಚ್ ಕಾರ್ಡ್ ಹಾಕಿದೆವು, ಪಕ್ಕದ ಪೋರ್ಟಿಗೆ ಚುಚ್ಚಿದೆವು, ಟೆಸ್ಟರ್ ಹಚ್ಚಿದೆವು. ಕೇಬಲ್ ಸರಿಯಿದೆ, ದೀಪ ಇಲ್ಲ. ಕೇಬಲ್ಲಿನ ಜಾಡು ಹಿಡಿಯುವ ಟೋನರ್ ಕಟ್ಟಿ ಸದ್ದು ಹಿಡಿದು ಹೋದರೆ ಅದು ಸೀಲಿಂಗ್ ಹತ್ತಿ, ಶಾಫ್ಟಿನೊಳಗೆ ಇಳಿದು ಮಾಯವಾಯಿತು. ಕಣ್ಣು ಉರಿಯುತ್ತಿತ್ತು. ಬೆಳಗಾಗಲಿ ಎಂದು ಗೋಡೆಗೊರಗಿದೆವು.

ಆರು ಗಂಟೆಗೆ ಇಂಟರ್‌ಕಾಮ್ ಬಡಿದುಕೊಂಡಿತು. ಕೆಳಗಿನ ಸೆಕ್ಯೂರಿಟಿಯವರು. “ಸರ, ಪಂಚ್ ಆಗವಲ್ದು ನೋಡ್ರಿ. ಬಟ್ಟ ಇಟ್ರ ಮಷಿನ್ನು ಸುಮ್ನ ಕುಂತದ. ನಂದು ಡ್ಯೂಟಿ ಮುಗೀತು.” ಪಂಚ್ ಆಗದಿದ್ದರೆ ಹನ್ನೆರಡು ತಾಸಿನ ಪಾಳಿಗೆ ಸಾಕ್ಷಿಯಿಲ್ಲ, ತಿಂಗಳ ಕೊನೆಗೆ ಅದನ್ನೇ ಹಿಡಿದು ಏಜೆನ್ಸಿಯವರ ಜೊತೆ ಜಗಳ ಕಾಯಬೇಕು.

ನಾನು ಪಟ್ಟಿಯನ್ನು ಮತ್ತೆ ತೆರೆದೆ. ಉತ್ತರ ಸಂಜೆಯಿಂದಲೂ ನಮ್ಮ ಕೈಯಲ್ಲೇ ಇತ್ತು. ಪ್ರತಿ ಪೋರ್ಟಿನ ಎದುರು ವೇಗದ ಕಾಲಮ್ಮಿನಲ್ಲಿ ಸಾವಿರ, ಸಾವಿರ, ನೂರು, ಸಾವಿರ ಎಂದಿರುವಾಗ ಒಂದರ ಎದುರು ಮಾತ್ರ ಹತ್ತು ಎಂದಿತ್ತು. ಹಾಜರಿಯ ಯಂತ್ರ ಹಳೆಯದು, 1980ರ ಆ 10 ಮೆಗಾಬಿಟ್ ಮಾತು ಬಿಟ್ಟು ಬೇರೆ ಬಾರದು. ಗಿಗಾಬಿಟ್‌ನ ಸ್ವಿಚ್ಚುಗಳು ಹಿರಿಯರ ನಿಧಾನದ ಮಾತಿಗೆ ಕಿವಿಗೊಡುತ್ತವೆ. ನಮ್ಮ ಓಟಗಾರನ ಮಲ್ಟಿಗಿಗಾಬಿಟ್ ಬಾಗಿಲುಗಳಿಗೆ ನೂರಕ್ಕಿಂತ ಕೆಳಗೆ ಮಾತೇ ಬರುವುದಿಲ್ಲ. ಕೇಬಲ್ಲನ್ನು ನಾಲ್ಕನೆಯದರಿಂದ ತೆಗೆದು ಮೂರನೆಯದಕ್ಕೆ ಹಾಕಿದೆ. ದೀಪ ಹತ್ತಿತು.

ಕೆಂಪು ಟೇಪಿನವರು ಹೇಳಿದ್ದು ಸರಿಯೇ ಇತ್ತು, ಅರ್ಧ ಹೇಳಿದ್ದರು ಅಷ್ಟೆ. ಹಳೆಯ ಟೇಪು ಬಿಚ್ಚಿ ಹೊಸ ಚೀಟಿ ಕಟ್ಟಿದೆ: ‘ನೆಲಮಾಳಿಗೆಯ ಹಾಜರಿ ಯಂತ್ರ. 10 ಮೆಗಾಬಿಟ್ ಮಾತ್ರ. 1, 2, 3ನೇ ಸ್ವಿಚ್ಚಿಗೆ ಹಾಕಬಹುದು, 4ಕ್ಕೆ ಬೇಡ. ಯಂತ್ರ ಬದಲಾದ ದಿನ ಈ ಚೀಟಿ ಕಿತ್ತುಹಾಕಿ.’ ಸ್ಟ್ಯಾಕಿನ ನಕ್ಷೆ, ಯಾರಿಗೆ ಯಾವ ಅಂಕ, ಯಾವ ಆವೃತ್ತಿ, ತಾರೀಖು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ರ‍್ಯಾಕಿನ ಬಾಗಿಲ ಒಳಮೈಗೆ ಅಂಟಿಸಿದೆವು.

ಖಾಲಿ ಪೆಟ್ಟಿಗೆ, ಹಳೆಯ ಸ್ವಿಚ್ಚುಗಳನ್ನು ಹೊತ್ತು ಇಳಿದಾಗ ಹೊಸ ಪಾಳಿಯವರು ಬಂದಿದ್ದರು. ಆದರೂ ರಿಜಿಸ್ಟರು ಇನ್ನೂ ರಾತ್ರಿ ಪಾಳಿಯ ಅವರ ಕೈಯಲ್ಲೇ ಇತ್ತು. ಹೊರಹೋಗುವ ಪ್ರತಿ ಸ್ವಿಚ್ಚಿನ ಸೀರಿಯಲ್ ನಂಬರನ್ನೂ ಒಂದಕ್ಷರ ಬಿಡದೆ ಬರೆದರು. ಬರೆದಾದ ಮೇಲೆ ತಲೆಯೆತ್ತಿ ಕೇಳಿದರು: “ಹತ್ತಿದ್ವೇನ್ರಿ ದೀಪ?”

“ನೂರಾ ಹದಿನೆಂಟು,” ಎಂದೆ. “ಕೊನೇದು ನಿಮ್ಮದೇ.”

ಅವರು ಎದ್ದು ಹೋಗಿ, ಬೆರಳನ್ನು ಅಂಗಿಗೆ ಒರೆಸಿಕೊಂಡು ಯಂತ್ರದ ಮೇಲಿಟ್ಟರು.